ಗವರ್ನರರ ಅಂಗಳದ ಅಂಧ ಆಮೆ

ಸೇಂಟ್ ಹೆಲೆನಾ ಎಂದೊಡನೆ ನಮಗೆ ನೆನಪಾಗುವುದು ನೆಪೋಲಿಯನ್. ಆಫ್ರಿಕದ ಕರಾವಳಿಯಿಂದ ಸುಮಾರು 1,900 ಕಿಲೋಮೀಟರ್ ದೂರದ, ಅಟ್ಲಾಂಟಿಕ್ ಸಾಗರದ ನಡುವಣ ಆ ದ್ವೀಪದಲ್ಲಿ ಅವನು ಸೆರೆಯಾಳಾಗಿ ಕಳೆದದ್ದು ಆರು ವರ್ಷವೂ ತುಂಬದ ಅವಧಿ, 1821ರಲ್ಲಿ ತೀರಿಕೊಂಡ. ಅದೇ ದ್ವೀಪದಲ್ಲಿ ನೂರನಲವತ್ತು ವರ್ಷಕ್ಕೂ ಮಿಕ್ಕಿ ಬಾಳಿದ ಇನ್ನೊಂದು ಜೀವದ ಚರಿತ್ರೆಯನ್ನು ಯಾವ ಪಠ್ಯಪುಸ್ತಕವೂ ನಮಗೆ ಹೇಳಲಿಲ್ಲ. ಅದೊಂದು ದೈತ್ಯ ನೆಲದಾಮೆ, ಹೆಸರು ಜೊನಾಥನ್.

1882ರಲ್ಲಿ ಸೆಶೆಲ್ಸ್ ದ್ವೀಪಗಳಿಂದ ಹಡಗಿನಲ್ಲಿ ಬಂದ ಆಮೆಗಳಲ್ಲಿ ಇದೂ ಒಂದು. ಮುಂದೆ ಅಲ್ಲಿಯ ಗವರ್ನರರಾದ ವಿಲಿಯಂ ಗ್ರೇ-ವಿಲ್ಸನ್ ಅವರಿಗೆ ಸಂದ ಉಡುಗೊರೆ. ಆಗಲೇ ಅದು ಪೂರ್ಣವಾಗಿ ಬೆಳೆದಿತ್ತು. ಅಷ್ಟು ಬೆಳೆಯಲು ಕನಿಷ್ಠ ಐವತ್ತು ವರ್ಷವಾದರೂ ಬೇಕೆಂಬ ಲೆಕ್ಕದಲ್ಲಿ ಅದರ ಜನ್ಮವರ್ಷವನ್ನು 1832 ಎಂದು ಊಹಿಸಲಾಗಿದೆ. ಅಂಗಳದಲ್ಲಿ ಮೇಯುತ್ತಿರುವ ಅದರ 1880ರ ದಶಕದ ಛಾಯಾಚಿತ್ರವೊಂದು ಈ ಲೆಕ್ಕಕ್ಕೆ ಆಧಾರ.

ಅದು ಉಡುಗೊರೆಯಾಗಿ ಬಂದದ್ದು ಆ ಆಮೆಗಳ ಮಟ್ಟಿಗೆ ಅದೃಷ್ಟವೇ ಸರಿ. ದೈತ್ಯ ಆಮೆ ತಿಂಗಳುಗಟ್ಟಲೆ ಅನ್ನನೀರಿಲ್ಲದೆ ಬದುಕಬಲ್ಲದು. ಈ ಸಹನೆಯೇ ಅದಕ್ಕೆ ಮುಳುವಾಯಿತು. ಹಡಗಿನ ಅಡಿಯ ಕೋಣೆಯಲ್ಲಿ ಒಂದರ ಮೇಲೊಂದು ಪೇರಿಸಿಟ್ಟರೆ ಪಯಣದುದ್ದಕ್ಕೂ ತಾಜಾ ಮಾಂಸ. ಮಾರಿಷಸ್, ರೀಯೂನಿಯನ್, ರಾಡ್ರಿಗಸ್ ದ್ವೀಪಗಳ ಆಮೆಗಳು ಹೀಗೆಯೇ ನಿರ್ನಾಮವಾದವು. ಅಲ್ಡಾಬ್ರಾ ದ್ವೀಪದ ಆಮೆಗಳನ್ನಾದರೂ ಉಳಿಸಬೇಕೆಂದು 1874ರಲ್ಲಿ ಮಾರಿಷಸ್ ಗವರ್ನರರಿಗೆ ಮನವಿ ಬರೆದವರಲ್ಲಿ ಚಾರ್ಲ್ಸ್ ಡಾರ್ವಿನ್ ಕೂಡ ಒಬ್ಬರು.

ಜೊನಾಥನ್ ಇದ್ದದ್ದು ಗವರ್ನರರ ನಿವಾಸವಾದ ಪ್ಲಾಂಟೇಷನ್ ಹೌಸಿನ ಅಂಗಳದಲ್ಲಿ. ಅದು ಈಸ್ಟ್ ಇಂಡಿಯಾ ಕಂಪನಿ ಕಟ್ಟಿಸಿದ ಮನೆ. ಗವರ್ನರರು ಬಂದರು, ಹೋದರು. ಆಮೆ ಅಲ್ಲಿಯೇ ಉಳಿಯಿತು. ಊರಿಂದೂರಿಗೆ ವರ್ಗವಾಗುವ ಕೇಂದ್ರ ಸರ್ಕಾರದ ನೌಕರರಾದ ನಮಗೆ ಚಾರ್ಜು ವಹಿಸಿಕೊಳ್ಳುವ ಪಟ್ಟಿ ಚಿರಪರಿಚಿತ: ಮೇಜು ಇಷ್ಟು, ಕುರ್ಚಿ ಇಷ್ಟು, ಬೀರು ಇಷ್ಟು. ಒಮ್ಮೆ ಪಟ್ಟಿ ಸೇರಿದ ವಸ್ತುವಿನತ್ತ ಬಳಿಕ ಯಾರೂ ಕಣ್ಣೆತ್ತಿ ನೋಡುವುದಿಲ್ಲ. ಆಮೆಯದೂ ಹೆಚ್ಚುಕಡಿಮೆ ಅದೇ ಸ್ಥಿತಿಯಾಗಿತ್ತೆಂದು ನಮ್ಮ ಭಾವನೆ. ಅದಕ್ಕೊಂದು ಹೆಸರಿಟ್ಟದ್ದು 1930ರ ದಶಕದಲ್ಲಿ, ಗವರ್ನರ್ ಸ್ಪೆನ್ಸರ್ ಡೇವಿಸ್. ದ್ವೀಪಕ್ಕೆ ಬಂದು ಅರ್ಧ ಶತಮಾನ ಕಳೆದ ಮೇಲೆ!

ಕಂಪನಿಯ ಕಾಲದ ನೆನಪು ಹೊತ್ತ ಇನ್ನೊಂದು ಆಮೆ ನಮ್ಮ ದೇಶದಲ್ಲಿಯೇ ಇತ್ತು. ಕೋಲ್ಕತ್ತದ ಅಲಿಪುರ ಮೃಗಾಲಯದ ಆ ಆಮೆಯ ಹೆಸರು ಅದ್ವೈತ. (ಎರಡನೆಯದಿಲ್ಲದ ಒಂಟಿ ಜೀವಕ್ಕೆ ವೇದಾಂತದ ಹೆಸರಿಟ್ಟ ಬಂಗಾಳಿ ರಸಿಕನಿಗೆ ನಮಸ್ಕಾರ.) ರಾಬರ್ಟ್ ಕ್ಲೈವ್ ಸಾಕಿದ್ದ ಆಮೆಯೆಂದೂ, 250 ವರ್ಷದ್ದೆಂದೂ ಪ್ರತೀತಿ. 2005ರ ಕೊನೆಯಲ್ಲಿ ಅದರ ಚಿಪ್ಪು ಬಿರುಕುಬಿಟ್ಟು, ಒಳಗೆ ಗಾಯವಾಯಿತು. 2006ರ ಮಾರ್ಚ್ ತಿಂಗಳಲ್ಲಿ ಅದು ಸತ್ತಾಗ ಪತ್ರಿಕೆಗಳ ತುಂಬ ಕ್ಲೈವನ ಹೆಸರೇ. ಚಿಪ್ಪನ್ನು ಪರೀಕ್ಷಿಸಿ ವಯಸ್ಸು ನಿರ್ಧರಿಸುವ ಮಾತೂ ಕೇಳಿಬಂತು. ಆಮೆಗಳ ಚರಿತ್ರೆಯೆಂದರೆ ನಮಗೆ ಅವುಗಳ ವಯಸ್ಸು, ಮತ್ತು ಅವು ಯಾವ ದೊರೆಯ ಸ್ವತ್ತು ಎಂಬುದು. ಅವು ಹೇಗೆ ಬದುಕಿದವು, ಏನು ತಿಂದವು, ಎಲ್ಲಿ ನೋವುಂಡವು ಎಂದು ಬರೆದಿಟ್ಟವರು ವಿರಳ.

ಜೊನಾಥನ್ನನ ವಿಷಯದಲ್ಲಿ ಹಾಗೆ ಗಮನಿಸುವ ಕಾಲ ಬಂದದ್ದು ಅದರ ಅಂಗಗಳು ಸೋತ ಮೇಲೆಯೇ. ಪೊರೆ ಬೆಳೆದು ಎರಡೂ ಕಣ್ಣು ಕುರುಡಾದವು. ವಾಸನೆ ಹಿಡಿಯುವ ಶಕ್ತಿಯೂ ಹೋಯಿತು. ಆಮೆಗೆ ಹಲ್ಲಿಲ್ಲ, ಗಿಣಿಯ ಕೊಕ್ಕಿನಂಥ ಗಡಸು ಬಾಯಂಚಿನಿಂದ ಹುಲ್ಲನ್ನು ಕತ್ತರಿಸಿ ನುಂಗಬೇಕು. ಮೇವು ಕಾಣದೆ, ಮೂಗಿಗೂ ತಿಳಿಯದೆ, ಅದು ಬಾಯಿಗೆ ಸಿಕ್ಕಿದ್ದನ್ನು ಕಚ್ಚುತ್ತಿತ್ತು. ಪೋಷಕಾಂಶಗಳ ಕೊರತೆಯಿಂದ ಕೊಕ್ಕು ಮೊಂಡಾಗಿ ಪುಡಿಯಾಗತೊಡಗಿತು. ಅದರಿಂದ ಮೇಯುವುದು ಇನ್ನಷ್ಟು ಕಷ್ಟವಾಯಿತು. ಹಸುರು ಹುಲ್ಲಿನ ನಡುವೆ ನಿಂತೇ ಸೊರಗುವ ಪ್ರಾಣಿಯ ಸಂಕಟ ದೂರದಿಂದ ಚಿತ್ರ ತೆಗೆಯುವ ಪ್ರವಾಸಿಗೆ ತಿಳಿಯುವಂಥದಲ್ಲ.

ತಿಳಿದದ್ದು ದ್ವೀಪದ ಪಶುವೈದ್ಯ ಜೋ ಹಾಲಿನ್ಸ್ ಅವರಿಗೆ. ಅವರು ಆರಂಭಿಸಿದ ಉಪಚಾರ ಅತ್ಯಂತ ಸರಳ: ವಾರಕ್ಕೊಮ್ಮೆ ಬಾಳೆಹಣ್ಣು, ಸೌತೆ, ಗಜ್ಜರಿ, ಸೇಬು, ಸೀಬೆಗಳ ಕೈತುತ್ತು. ಕೈಗೆ ದಪ್ಪ ಕೈಚೀಲ ತೊಡಲೇಬೇಕು. ಕಣ್ಣು ಕಾಣದ ಆಮೆಗೆ ಗಜ್ಜರಿ ಯಾವುದು, ಬೆರಳು ಯಾವುದು ಎಂಬುದು ತಿಳಿಯದು. ಕಾಲಕ್ರಮದಲ್ಲಿ ಮೊಂಡಾಗಿದ್ದ ಕೊಕ್ಕು ಮತ್ತೆ ಹರಿತವಾಯಿತು, ಮೈತೂಕ ಮರಳಿತು. ಇದನ್ನು ಓದಿದಾಗ ನಮಗಾದ ಸಂತೋಷ, 2022ರಲ್ಲಿ ಅದು ಎಲ್ಲ ಆಮೆಗಳಲ್ಲಿ ಅತ್ಯಂತ ಹಿರಿಯದೆಂದು ಗಿನ್ನೆಸ್ ದಾಖಲೆಗೆ ಸೇರಿತೆಂದು ತಿಳಿದಾಗ ಆಗಲಿಲ್ಲ.

2016ರಲ್ಲಿ ಅದಕ್ಕೆ ಮೊತ್ತಮೊದಲ ಸ್ನಾನವೂ ಆಯಿತು. ರಾಜಮನೆತನದ ಅತಿಥಿಯೊಬ್ಬರು ಬರುವ ನಿರೀಕ್ಷೆಯಿದ್ದುದರಿಂದ, ಮೃದುವಾದ ಬ್ರಶ್ಶಿನಿಂದ ಚಿಪ್ಪಿನ ಹಳೆಯ ಕೊಳೆಯನ್ನೆಲ್ಲ ಉಜ್ಜಿ ತೆಗೆದರು. ಸಾಹೇಬರು ಬರುವರೆಂದಾಗ ಕಚೇರಿಯ ಗೋಡೆಗೆ ಸುಣ್ಣ ಬಳಿಸುವ ಪದ್ಧತಿ ಅಲ್ಲಿಯೂ ಇರುವಂತಿದೆ. ಕೈತುತ್ತಿಗೆ ಮಾತ್ರ ಯಾವ ಅತಿಥಿಯ ನೆಪವೂ ಬೇಕಾಗಲಿಲ್ಲ. ಜೊನಾಥನ್ನನಿಗೆ ಕಣ್ಣು, ಮೂಗು ಹೋದರೂ ಕಿವಿ ಚೆನ್ನಾಗಿಯೇ ಉಳಿಯಿತು. ವೈದ್ಯರ ದನಿ ಕೇಳಿದರೆ ಚಿಪ್ಪಿನಿಂದ ಕೊರಳು ಚಾಚಿ ಬಾಯಿ ತೆರೆಯುತ್ತಿತ್ತು.