ಓವರ್‌ಡೆಂಚರ್ ಕೊಂಡಿಗಳ ಹಿಡಿತ ಮತ್ತು ಅದರ ಪರೀಕ್ಷೆ

ಕೆಳದವಡೆಯ ಪೂರ್ಣ ಹಲ್ಲುಸೆಟ್ಟಿಗೆ ಮೇಲಿನದಕ್ಕಿರುವಂತೆ ಅಂಗುಳಿನ ಆಸರೆ ಇಲ್ಲ. ನಾಲಿಗೆ ಆಡಿದರೆ ಅದು ಏಳುತ್ತದೆ; ಜೋಳದ ರೊಟ್ಟಿ ಕಚ್ಚಿ ಹರಿದರೆ ಜಾರುತ್ತದೆ. ಹಲ್ಲು ಹೋದ ದವಡೆಯ ಮೂಳೆ ವರ್ಷ ಕಳೆದಂತೆ ಕರಗುವುದರಿಂದ ಸೆಟ್ಟು ಮತ್ತಷ್ಟು ಸಡಿಲವಾಗುತ್ತದೆ. ಮೂಳೆಯಲ್ಲಿ ಕೂರಿಸಿದ ಟೈಟಾನಿಯಂ ಇಂಪ್ಲಾಂಟ್‌ಗಳಿಗೆ ಸಿಕ್ಕಿಕೊಂಡು ನಿಲ್ಲುವ, ಆದರೆ ರೋಗಿಯೇ ತೆಗೆದು ತೊಳೆಯಬಹುದಾದ ಸೆಟ್ಟಿಗೆ ಓವರ್‌ಡೆಂಚರ್ ಎನ್ನುತ್ತಾರೆ. ಎರಡನ್ನೂ ಸೇರಿಸುವ ಕೊಂಡಿಯೇ ಅಟ್ಯಾಚ್‌ಮೆಂಟ್.

ಕೊಂಡಿಗಳು ಇಂಪ್ಲಾಂಟಿಗಿಂತ ಹಳೆಯವು. ಉಳಿದ ಹಲ್ಲಿನ ಬೇರುಗಳ ಮೇಲೆ ಸರಳು ಜೋಡಿಸುವ ಪದ್ಧತಿಗೆ ಸ್ವಿಟ್ಜರ್‌ಲೆಂಡಿನ ಡೋಲ್ಡರ್ ಹೆಸರು ಇಂದಿಗೂ ಅಂಟಿಕೊಂಡಿದೆ. 1965ರಲ್ಲಿ ಸ್ವೀಡನ್ನಿನ ಬ್ರಾನೆಮಾರ್ಕ್ ಮೊದಲ ರೋಗಿಗೆ ಟೈಟಾನಿಯಂ ಇಂಪ್ಲಾಂಟ್ ಹಾಕಿದರು. 1982ರ ಟೊರಾಂಟೊ ಸಮ್ಮೇಳನದ ನಂತರ ಆ ವಿಧಾನ ಜಗತ್ತಿಗೆ ಹರಡಿತು. ಹಲ್ಲಿಲ್ಲದ ಕೆಳದವಡೆಗೆ ಎರಡು ಇಂಪ್ಲಾಂಟ್‌ಗಳ ಓವರ್‌ಡೆಂಚರೇ ಮೊದಲ ಆಯ್ಕೆಯಾಗಬೇಕೆಂದು 2002ರಲ್ಲಿ ಮೆಕ್‌ಗಿಲ್ ಹೇಳಿಕೆ ಸಾರಿತು, 2009ರಲ್ಲಿ ಯಾರ್ಕ್ ಹೇಳಿಕೆ ಅದನ್ನು ಬೆಂಬಲಿಸಿತು. ಸರಳು, ಗುಂಡು, ಅಯಸ್ಕಾಂತ, ನೈಲಾನ್ ಟೋಪಿಯ ಲೊಕೇಟರ್ ಇವುಗಳಲ್ಲಿ ಯಾವುದು ಎಂಬ ಪ್ರಶ್ನೆ ಆಗ ಮುಂದೆ ಬಂತು.

ಮೊದಲ ಪರೀಕ್ಷೆಗಳು ಸರಳವಾಗಿದ್ದವು. ಯುನಿವರ್ಸಲ್ ಟೆಸ್ಟಿಂಗ್ ಮಷೀನಿನಲ್ಲಿ ಕೊಂಡಿಯ ಎರಡು ಭಾಗಗಳನ್ನು ಸಿಕ್ಕಿಸಿ, ನಿಮಿಷಕ್ಕೆ ಸುಮಾರು 50 ಮಿಲಿಮೀಟರ್ ವೇಗದಲ್ಲಿ ಎಳೆದು, ಬಿಡುವ ಕ್ಷಣದ ಬಲವನ್ನು ನ್ಯೂಟನ್‌ಗಳಲ್ಲಿ ಬರೆದುಕೊಳ್ಳುತ್ತಿದ್ದರು. ಬಾಯಿಯಿಂದ ಸೆಟ್ಟು ತೆಗೆಯುವ ವೇಗ ಅಷ್ಟೇ ಎಂಬುದು ಲೆಕ್ಕಾಚಾರ. ಲೊಕೇಟರಿನ ನೀಲಿ, ಗುಲಾಬಿ, ಪಾರದರ್ಶಕ ಟೋಪಿಗಳಿಗೆ ತಯಾರಕರು ಕೊಡುವ 1.5, 3 ಮತ್ತು 5 ಪೌಂಡ್ ಬಲ, ಅಂದರೆ ಸರಿಸುಮಾರು 7, 13 ಮತ್ತು 22 ನ್ಯೂಟನ್, ಹೊಸ ಟೋಪಿಯ ಅಂಕಿ. ಕೊಳ್ಳುವಾಗ ಅದು ಉಪಯುಕ್ತ; ಎರಡನೇ ವರ್ಷದ ಬಗ್ಗೆ ಅದು ಏನನ್ನೂ ಹೇಳುವುದಿಲ್ಲ.

ಹಾಗಾಗಿ ಸವಕಳಿಯ ಪರೀಕ್ಷೆ ಬಂತು. ದಿನಕ್ಕೆ ಮೂರು ಬಾರಿ ತೆಗೆದು ಹಾಕಿದರೆ ಐದು ವರ್ಷಕ್ಕೆ 5,475 ಸುತ್ತು. ಅನೇಕ ಅಧ್ಯಯನಗಳು 5,500ರ ಆಸುಪಾಸಿನಲ್ಲಿ ನಿಲ್ಲುವುದು ಇದಕ್ಕೇ. ನೈಲಾನ್ ಟೋಪಿಗಳಲ್ಲಿ ಸಾಮಾನ್ಯವಾಗಿ ಕಾಣುವುದು ಆರಂಭದ ಸುತ್ತುಗಳಲ್ಲಿ ಹಿಡಿತದ ದೊಡ್ಡ ಕುಸಿತ, ಬಳಿಕ ನಿಧಾನದ ಇಳಿಕೆ. ಅಯಸ್ಕಾಂತದ ಹಿಡಿತ ಮೊದಲಿನಿಂದಲೂ ಕಡಿಮೆ. ಉಜ್ಜಾಟದಿಂದ ಅದು ಅಷ್ಟಾಗಿ ಕುಗ್ಗದಿದ್ದರೂ ಹೊದಿಕೆ ಸವೆದು ಎಂಜಲು ಒಳಹೊಕ್ಕರೆ ತುಕ್ಕು ಹಿಡಿಯುತ್ತದೆ. ಈ ಒಂದು ವರ್ಗಕ್ಕೆ 2012ರಲ್ಲಿ ಐಎಸ್‌ಒ 13017 ಎಂಬ ಪ್ರತ್ಯೇಕ ಮಾನದಂಡವೇ ಬಂತು. ಉಳಿದ ಕೊಂಡಿಗಳ ಅಧ್ಯಯನಗಳಲ್ಲಿ ವೇಗ, ಸುತ್ತು, ದ್ರವ ಒಂದೊಂದು ಕಡೆ ಒಂದೊಂದು ರೀತಿ. ಅವುಗಳ ಅಂಕಿಗಳನ್ನು ಒಂದೇ ಪಟ್ಟಿಯಲ್ಲಿಟ್ಟು ಹೋಲಿಸುವುದು ಅಪಾಯದ ಕೆಲಸ.

ಕ್ರಮೇಣ ಪರೀಕ್ಷೆಯ ಮೇಜು ಬಾಯಿಯ ಕಡೆ ಸರಿಯತೊಡಗಿತು. ಒಣ ಎಳೆತದ ಬದಲು ಕೃತಕ ಎಂಜಲು, 5 ಮತ್ತು 55 ಡಿಗ್ರಿ ಸೆಲ್ಸಿಯಸ್ ನಡುವೆ ಬಿಸಿ-ತಣ್ಣನೆಯ ಮುಳುಗು, ಓರೆಯಾಗಿ ಕೂರಿಸಿದ ಇಂಪ್ಲಾಂಟ್‌ಗಳು ಸೇರಿದವು. ಇಂಪ್ಲಾಂಟ್‌ಗಳು ಪರಸ್ಪರ ಸಮಾಂತರವಾಗಿಲ್ಲದಿದ್ದರೆ ಟೋಪಿಯ ಒಂದು ಬದಿಯೇ ಹೆಚ್ಚು ಉಜ್ಜಿಹೋಗುತ್ತದೆ. ಸೆಟ್ಟನ್ನು ಸೋಡಿಯಂ ಹೈಪೋಕ್ಲೋರೈಟ್‌ನಲ್ಲಿ ನೆನೆಸಿದರೆ ನೈಲಾನ್ ಸೊರಗಬಹುದೆಂಬುದೂ ತಿಳಿಯಿತು. ನೇರ ಎಳೆತ ಸಾಲದೆಂದು ಮೂರು ಸರಪಳಿ ಕಟ್ಟಿ ಓರೆಯಾಗಿಯೂ ಎಳೆದು ನೋಡಿದರು: ಮನುಷ್ಯರು ಸೆಟ್ಟನ್ನು ಒಂದು ಬದಿಯಿಂದ ಎತ್ತಿಯೇ ತೆಗೆಯುತ್ತಾರೆ. ಅಗಿಯುವಾಗಿನ ಅಲುಗಾಟವನ್ನು ಅನುಕರಿಸುವ ಯಂತ್ರಗಳು ಇನ್ನೂ ಮುಂದಿನ ಹೆಜ್ಜೆ.

ಕರ್ನಾಟಕದಲ್ಲಿ ಈ ಬಗೆಯ ಕೆಲಸಕ್ಕೆ ದಂತ ಕಾಲೇಜುಗಳ ಪ್ರಾಸ್ಥೊಡಾಂಟಿಕ್ಸ್ (ಕೃತಕ ದಂತ) ವಿಭಾಗಗಳೇ ಜಾಗ; ಅಲ್ಲಿನ ಸ್ನಾತಕೋತ್ತರ ಎಂಡಿಎಸ್ ಪದವಿಗೆ ಪ್ರಬಂಧ ಕಡ್ಡಾಯ. ಉದಾಹರಣೆಗೆ, ರಾಯಚೂರು ನಗರದಲ್ಲಿ ಎಎಂಇ ಮತ್ತು ನವೋದಯ ದಂತ ಕಾಲೇಜುಗಳಿವೆ. ಕೃಷ್ಣಾ ದಡದ ಶಕ್ತಿನಗರವಾಗಲಿ, ದೇವದುರ್ಗ, ಮಾನ್ವಿಯಾಗಲಿ, ಅಲ್ಲಿಂದ ಟೋಪಿ ಬದಲಿಸಲು ಪರಿಣತರ ಬಳಿ ಬರಬೇಕೆಂದರೆ ನಗರಕ್ಕೆ ಬಸ್ಸು ಹಿಡಿಯುವುದೇ ವಾಡಿಕೆ. ಇಂಥ ಜಿಲ್ಲೆಯಲ್ಲಿ ಮೊದಲ ದಿನದ ಹಿಡಿತಕ್ಕಿಂತ ಸವಕಳಿಯ ರೇಖೆಗೇ ಬೆಲೆ. ಮೊದಲೇ ಕಡಿಮೆ ಬಲವಿದ್ದರೂ ಮೆಲ್ಲನೆ ಇಳಿಯುವ ಕೊಂಡಿ ದೂರದ ಊರಿನ ರೋಗಿಗೆ ಹೆಚ್ಚು ಅನುಕೂಲ. 5ರಿಂದ 8 ನ್ಯೂಟನ್ ಇದ್ದರೆ ಸಾಕೆಂಬ ಹಳೆಯ ಅಂದಾಜನ್ನು ಅನೇಕ ಲೇಖಕರು ಇಂದಿಗೂ ಬಳಸುತ್ತಾರೆ. ಮಿತಿಮೀರಿದ ಬಿಗಿಯೂ ಒಳ್ಳೆಯದಲ್ಲ, ಬೆರಳಿನ ಕಸುವು ಕುಂದಿದ ವೃದ್ಧರಿಗೆ ಸೆಟ್ಟು ಬಿಡಿಸುವುದೇ ಕಷ್ಟ.

ಟೋಪಿ ಮಾತ್ರ ಸವೆದಿದ್ದರೆ ಲೋಹದ ಗೂಡಿನಿಂದ ಅದನ್ನು ಕಿತ್ತು ಹೊಸದನ್ನು ಒತ್ತಿ ಕೂರಿಸುವುದು ಕೆಲವೇ ನಿಮಿಷಗಳ ಕೆಲಸ. ಇಂಪ್ಲಾಂಟಿನ ಮೇಲಿನ ಗುಂಡೇ ಸವೆದಿದ್ದರೆ ಹೊಸ ಟೋಪಿಗೂ ಹಿಡಿತ ಬರುವುದಿಲ್ಲ. ಈಚಿನ ಪರೀಕ್ಷೆಗಳು ಎಳೆತದ ಬಲದ ಜೊತೆಗೆ ಗುಂಡಿನ ವ್ಯಾಸವನ್ನೂ ಸೂಕ್ಷ್ಮದರ್ಶಕದಲ್ಲಿ ಮೇಲ್ಮೈಯನ್ನೂ ನೋಡುವುದು ಈ ಎರಡನ್ನು ಬೇರ್ಪಡಿಸಲಿಕ್ಕೆ.