ಖಾತೆ ಪುಸ್ತಕದಲ್ಲಿ ನಮ್ಮ ಕೇರಿ

ಮನೆ ಕೊಂಡವರು ಮೂರು ತಿಂಗಳೊಳಗೆ ನಗರಪಾಲಿಕೆಗೆ ತಿಳಿಸಬೇಕು. ಮನೆಯ ಯಜಮಾನ ತೀರಿಕೊಂಡರೆ ವಾರಸುದಾರರು ಒಂದು ವರ್ಷದೊಳಗೆ ತಿಳಿಸಬೇಕು. ತಿಳಿಸಿದ ಮೇಲೆ ಪುಸ್ತಕದಲ್ಲಿ ಹಳೆಯ ಹೆಸರು ಹೋಗಿ ಹೊಸ ಹೆಸರು ಕೂರುತ್ತದೆ. 1976ರ ಕರ್ನಾಟಕ ಮುನಿಸಿಪಲ್ ಕಾರ್ಪೊರೇಷನ್ ಕಾಯ್ದೆ ಬರೆದಿಟ್ಟ ನಿಯಮ ಇದು. ಓದುವುದಕ್ಕೆ ಬಹಳ ಸರಳ. ಆದರೆ ಈ ನಿಯಮ ಒಂದು ಮಾತನ್ನು ಹೇಳದೆಯೇ ಒಪ್ಪಿಕೊಂಡುಬಿಟ್ಟಿದೆ. ಅಳಿಸುವುದಕ್ಕೆ ಪುಸ್ತಕದಲ್ಲಿ ಮೊದಲೇ ಒಂದು ಹೆಸರು ಇದೆ ಎಂಬ ಮಾತು ಅದು. ನಮ್ಮ ಕೇರಿಗಳ ಮಟ್ಟಿಗೆ ಅದೇ ಸುಳ್ಳು. ಆ ಸುಳ್ಳಿನ ಚರಿತ್ರೆಯನ್ನು ನಾವು ಇಲ್ಲಿ ನೋಡಬೇಕಾಗಿದೆ.

ವಕೀಲರನ್ನು ಕೇಳಿ. 'ಖಾತೆ ಅಂದ್ರೆ ಹಕ್ಕುಪತ್ರ ಅಲ್ಲಪ್ಪ, ಅದು ಬರೀ ಕಂದಾಯದ ಲೆಕ್ಕ' ಅನ್ನುತ್ತಾರೆ. ಅವರ ಮಾತು ಕಾನೂನಿನ ಪ್ರಕಾರ ಸರಿ. ಕಂದಾಯ ದಾಖಲೆಯಲ್ಲಿ ಹೆಸರು ಬದಲಾದ ಮಾತ್ರಕ್ಕೆ ಹಕ್ಕು ಹುಟ್ಟುವುದೂ ಇಲ್ಲ, ಅಳಿಯುವುದೂ ಇಲ್ಲ ಎಂದು ಸುಪ್ರೀಂ ಕೋರ್ಟ್ 1996ರಲ್ಲೇ ಹೇಳಿದೆ. ಕ್ರಯಪತ್ರ, ವಿಭಾಗಪತ್ರ, ಮರಣಶಾಸನಗಳನ್ನು ಟ್ರಂಕಿನಲ್ಲಿ ಇಟ್ಟುಕೊಂಡವನಿಗೆ ಈ ಮಾತು ಸಮಾಧಾನ ಕೊಡುತ್ತದೆ. ಟ್ರಂಕೇ ಇಲ್ಲದವನಿಗೆ? ನಮ್ಮ ಜನ ಕಂದಾಯದ ರಸೀತಿಯನ್ನು ಪ್ಲಾಸ್ಟಿಕ್ ಕವರಿನಲ್ಲಿ ಸುತ್ತಿ ತೊಲೆಗೆ ಸಿಕ್ಕಿಸಿ ಇಡುತ್ತಾರಲ್ಲ, ಅದು ಸುಮ್ಮನೆ ಅಲ್ಲ. ಸಾಲ, ಕರೆಂಟು, ಮನೆ ಕಟ್ಟುವ ಸಹಾಯಧನ, ರಸ್ತೆ ಅಗಲ ಮಾಡುವಾಗಿನ ಪರಿಹಾರ ಎಲ್ಲದಕ್ಕೂ ಮೊದಲು ಕೇಳುವುದು ಖಾತೆ ಯಾರ ಹೆಸರಿನಲ್ಲಿದೆ ಎಂದೇ. ಕಾನೂನು ಯಾವುದನ್ನು ಹಕ್ಕಲ್ಲ ಎನ್ನುತ್ತದೆಯೋ ಅದೊಂದೇ ನಮ್ಮ ಪಾಲಿನ ಹಕ್ಕಾಗಿ ಕೂತಿದೆ.

ಹಳ್ಳಿಯಿಂದ ಶುರು ಮಾಡೋಣ. ಹಿಂದೆ ಶಾನುಭೋಗರು ಲೆಕ್ಕ ಬರೆಯುತ್ತಿದ್ದದ್ದು ಕಡತದಲ್ಲಿ. ಬಟ್ಟೆಗೆ ಹುಣಸೆ ಬೀಜದ ಗೋಂದು, ಇದ್ದಿಲ ಪುಡಿ ಬಳಿದು ಒಣಗಿಸಿ, ಬೀಸಣಿಗೆಯಂತೆ ಮಡಿಚಿ, ಬಳಪದಲ್ಲಿ ಬರೆಯುವ ಪುಸ್ತಕ ಅದು. ಇವತ್ತು ಕಚೇರಿಯ ಫೈಲಿಗೆ ಕಡತ ಎನ್ನುತ್ತೇವಲ್ಲ, ಆ ಮಾತು ಅಲ್ಲಿಂದ ಬಂದದ್ದು. ಕಡತದ ಗುಣ ಏನೆಂದರೆ ಒರೆಸಿ ಮತ್ತೆ ಬರೆಯಬಹುದು. ಬರೆಯುವ ಕೈ ಒಂದೇ ಜಾತಿಯದು, ಒರೆಸುವ ಕೈಯೂ ಅದೇ. ಆ ಗಂಟನ್ನು ಹೊತ್ತು ಊರೂರು ತಿರುಗಿದವನು ನಮ್ಮ ತೋಟಿ. ಒಳಗೆ ಏನು ಬರೆದಿದೆ ಎಂದು ಓದುವ ಹಕ್ಕು ಅವನಿಗಿರಲಿಲ್ಲ. ಬರೆದವನಿಗೆ ಬಿಟ್ಟರೆ ಪುಸ್ತಕ ಗೊತ್ತಿದ್ದದ್ದು ಹೊತ್ತವನ ಹೆಗಲಿಗೆ ಮಾತ್ರ.

ಬ್ರಿಟಿಷರ ಸರ್ವೆ ಬಂತು, ಕಡತ ಹೋಗಿ ಕಾಗದ ಬಂತು. ಆದರೆ ಸರ್ವೆಗೆ ಬೇಕಾಗಿದ್ದದ್ದು ಕಂದಾಯ ಹುಟ್ಟುವ ಹೊಲ. ಜನ ವಾಸಿಸುವ ಜಾಗಕ್ಕೆ ಒಂದು ಗೆರೆ ಎಳೆದು ಗ್ರಾಮಠಾಣ ಎಂದು ಬಿಟ್ಟರು. ಒಳಗಿನ ಮನೆಗಳಿಗೆ ಒಂದೊಂದಾಗಿ ನಂಬರಿಲ್ಲ. ಊರಿನವರಿಗೆ ಇದರಿಂದ ದೊಡ್ಡ ನಷ್ಟವೇನೂ ಆಗಲಿಲ್ಲ. ಹೊಲದ ಪಹಣಿ ಇದ್ದವನನ್ನು ಮನೆಯಿಂದ ಎಬ್ಬಿಸುವವರು ಯಾರು? ನಮ್ಮ ಕೇರಿಗಳು ಎಷ್ಟೋ ಕಡೆ ಆ ಗೆರೆಯ ಆಚೆಯೇ ಉಳಿದವು. ಗೋಮಾಳದಲ್ಲಿ, ಖರಾಬಿನಲ್ಲಿ, ಗೌಡನ ಹೊಲದ ಬದುವಿನಲ್ಲಿ. ಅಂದರೆ ಗುಡಿಸಲು ನಮ್ಮದು, ಅದರ ಕೆಳಗಿನ ಮಣ್ಣು ನಮ್ಮದಲ್ಲ. ಚೆಂಗಲ್‌ಪಟ್ಟಿನ ಕಲೆಕ್ಟರ್ ಟ್ರೆಮೆನ್‌ಹೀರ್ 1891ರ ಸುಮಾರಿಗೆ ಮದರಾಸು ಸರ್ಕಾರಕ್ಕೆ ಬರೆದ ವರದಿಯಲ್ಲಿ ಇದನ್ನೇ ಹೇಳಿದ: ಪರಯರ ಮನೆ ನಿಂತ ನೆಲ ಮಿರಾಸುದಾರನದು, ಆದ್ದರಿಂದ ಅವನು ಹೇಳಿದ ಕೂಲಿಗೆ ಇವರು ದುಡಿಯಲೇಬೇಕು. ಆಗ ಬಳ್ಳಾರಿಯೂ ದಕ್ಷಿಣ ಕನ್ನಡವೂ ಇದ್ದದ್ದು ಅದೇ ಮದರಾಸು ಆಡಳಿತದಲ್ಲಿ. 'ಕೆಲಸಕ್ಕೆ ಬರಲಿಲ್ಲ ಅಂದ್ರೆ ಗುಡ್ಲು ಕಿತ್ಕೊಂಡು ಹೋಗ್ಲಾ' ಎಂಬ ಮಾತನ್ನು ನಮ್ಮ ಅಜ್ಜಂದಿರು ಕೇಳದ ಊರು ಯಾವುದಿತ್ತು!

ಇನ್ನು ಹೆಸರಿನ ವಿಷಯ. ನಮ್ಮ ದಾಖಲೆಗಳ ಮಾತೆಲ್ಲ ಬೇರೆ ಕಡೆಯಿಂದ ಬಂದದ್ದು. ಮಗ ಎನ್ನುವುದಕ್ಕೆ ಅರಬ್ಬಿಯ 'ಬಿನ್', ಹೆಂಡತಿ ಎನ್ನುವುದಕ್ಕೆ 'ಕೋಂ', ಸಾವಿಗೆ ಪಾರಸಿ ದಾರಿಯಲ್ಲಿ ಬಂದ 'ಪೌತಿ'. ನಮ್ಮವರಿಗೆ ಅರ್ಥವಾಗದಿರಲಿ ಎಂದೇ ಇಟ್ಟ ಹಾಗಿದೆ. ಮೇಲ್ಜಾತಿಯವನ ಹೆಸರಿನ ಮುಂದೆ ಅಯ್ಯ, ಅಪ್ಪ, ಗೌಡ ಸೇರಿಸಿ ಬರೆಯುತ್ತಿದ್ದ ಲೇಖನಿ ನಮ್ಮ ಕೇರಿಗೆ ಬಂದಾಗ ಮೊಂಡಾಗುತ್ತಿತ್ತು. ಕೆಂಪಯ್ಯ ಕೆಂಪನಾದ, ಮಾರಯ್ಯ ಮಾರನಾದ, ಚಿಕ್ಕಮ್ಮ ಚಿಕ್ಕಿಯಾದಳು. ಇದನ್ನು ಅವಮಾನ ಎಂದಷ್ಟೇ ತಿಳಿದು ಸುಮ್ಮನಾದೆವು. ಅವಮಾನ ಕಾಗದದ ಮೇಲೆ ಎಷ್ಟು ಕಾಲ ಬದುಕುತ್ತದೆ ಎಂದು ಗೊತ್ತಿರಲಿಲ್ಲ. ಇವತ್ತು ಮೊಮ್ಮಗ ಖಾತೆ ಬದಲಾವಣೆಗೆ ಹೋಗಿ ನಿಂತರೆ ಪುಸ್ತಕದಲ್ಲಿ 'ಕೆಂಪ ಬಿನ್ ಮಾರ', ಮರಣ ಪತ್ರದಲ್ಲಿ ಕೆಂಪಯ್ಯ, ರೇಷನ್ ಕಾರ್ಡಿನಲ್ಲಿ ಕೆಂಪಣ್ಣ, ಮೊಮ್ಮಗನ ಶಾಲೆಯ ದಾಖಲೆಯಲ್ಲಿ ಇನ್ನೊಂದು. ಗುಮಾಸ್ತ ಕೇಳುತ್ತಾನೆ: 'ಇವ್ರೆಲ್ಲ ಒಬ್ರೇ ಅನ್ನೋದಕ್ಕೆ ಏನ್ರೀ ಸಾಕ್ಷಿ?' ಕೆಂಪನೂ ಕೆಂಪಯ್ಯನೂ ಒಬ್ಬನೇ ಎಂದು ನೋಟರಿ ಮುಂದೆ ಪ್ರಮಾಣ ಮಾಡಿ ಅಫಿಡವಿಟ್ ತರಬೇಕು. ಶಾನುಭೋಗ ಕಿತ್ತುಕೊಂಡ 'ಅಯ್ಯ'ವನ್ನು ಮೊಮ್ಮಗ ಛಾಪಾ ಕಾಗದದ ದುಡ್ಡು ಕೊಟ್ಟು ವಾಪಸು ತರಬೇಕಾಗಿದೆ.

ಬಡವರ ಮನೆಗೆ ಕಾಗದ ಇಲ್ಲದ್ದಕ್ಕೆ ಕಾನೂನಿನೊಳಗೇ ಒಂದು ಕಾರಣವಿದೆ. ಇದನ್ನು ನಮ್ಮ ಕಾರ್ಯಕರ್ತರು ಗಮನಿಸಬೇಕು. 1882ರ ಆಸ್ತಿ ವರ್ಗಾವಣೆ ಕಾಯ್ದೆಯ ಪ್ರಕಾರ ನೂರು ರೂಪಾಯಿ ಮತ್ತು ಅದಕ್ಕೆ ಮೇಲ್ಪಟ್ಟ ಬೆಲೆಯ ಸ್ಥಿರ ಆಸ್ತಿಯ ಮಾರಾಟ ನೋಂದಣಿಯಾದ ಪತ್ರದ ಮೂಲಕವೇ ಆಗಬೇಕು. ನೂರಕ್ಕಿಂತ ಕಡಿಮೆಯದಾದರೆ ಸ್ವಾಧೀನ ಕೊಟ್ಟರೂ ಸಾಕು. ನಲವತ್ತು, ಐವತ್ತು ರೂಪಾಯಿಗೆ ಕೈ ಬದಲಾದ ಗುಡಿಸಲಿಗೆ ಪತ್ರ ಯಾರು ಬರೆಸುತ್ತಾರೆ? ನಾಲ್ಕು ಜನರ ಮುಂದೆ ಎಲೆ ಅಡಿಕೆ ಇಟ್ಟು ದುಡ್ಡು ಎಣಿಸಿದರೆ ವ್ಯಾಪಾರ ಮುಗಿಯಿತು. ಅದು ಆಗ ಕಾನೂನಿಗೆ ವಿರುದ್ಧವೂ ಅಲ್ಲ. ಆ ನಾಲ್ಕು ಜನ ಸತ್ತ ಮೇಲೆ ಆ ವ್ಯಾಪಾರವೂ ಸತ್ತಿತು.

ಪಟ್ಟಣಕ್ಕೆ ಬಂದರೆ ಬೇರೆ ಕತೆ ಅಂದುಕೊಳ್ಳುತ್ತೇವೆ. 1850ರ ಕಾಯ್ದೆಯಡಿ ಹುಬ್ಬಳ್ಳಿ, ಧಾರವಾಡಗಳಲ್ಲಿ, ಆಮೇಲೆ 1862ರಲ್ಲಿ ಬೆಂಗಳೂರಿನಲ್ಲಿ ಮುನಿಸಿಪಾಲಿಟಿಗಳು ಹುಟ್ಟಿದವು. ಮನೆಗಳ ಪಟ್ಟಿ, ಅದರ ಮೇಲೆ ತೆರಿಗೆ. ಹಳೇ ಮೈಸೂರಿನವರು ಖಾತೆ ಎನ್ನುವುದನ್ನು ಹುಬ್ಬಳ್ಳಿ ಕಡೆಯವರು ಉತಾರ ಎನ್ನುತ್ತಾರೆ, ಅಷ್ಟೇ ವ್ಯತ್ಯಾಸ. ಈ ಪಟ್ಟಿಗೆ ಇನ್ನೊಂದು ಉಪಯೋಗವೂ ಇತ್ತು. ಬ್ರಿಟಿಷ್ ಪ್ರಾಂತ್ಯಗಳಲ್ಲೂ ಮೈಸೂರಿನಲ್ಲೂ ಪುರಸಭೆಗೆ ಮತ ಹಾಕುವ ಹಕ್ಕು ತೆರಿಗೆ ಕಟ್ಟುವವರಿಗೆ, ಆಸ್ತಿ ಇದ್ದವರಿಗೆ, ಓದಿದವರಿಗೆ ಸೀಮಿತವಾಗಿತ್ತು. ಪುಸ್ತಕದಲ್ಲಿ ಮನೆ ಇಲ್ಲದವನಿಗೆ ಮತವಿಲ್ಲ. ಮತವಿಲ್ಲದವನ ಕೇರಿಗೆ ನಲ್ಲಿಯಿಲ್ಲ, ದೀಪವಿಲ್ಲ. ಬಾಬಾಸಾಹೇಬರು 1928ರಲ್ಲಿ ಸೈಮನ್ ಆಯೋಗದ ಮುಂದೆ ಎಲ್ಲ ವಯಸ್ಕರಿಗೂ ಮತ ಬೇಕು ಎಂದು ಹಟ ಹಿಡಿದದ್ದನ್ನು ಈ ಖಾತೆ ಪುಸ್ತಕದ ಪಕ್ಕದಲ್ಲಿಟ್ಟು ನೋಡಿದರೆ ಅದರ ತೂಕ ತಿಳಿಯುತ್ತದೆ.

1898ರಲ್ಲಿ ಬೆಂಗಳೂರಿಗೆ ಪ್ಲೇಗ್ ಬಂತು. ಇಕ್ಕಟ್ಟಾದ ಪೇಟೆಯಿಂದ ಜನರನ್ನು ಹೊರಗೆ ಕಳಿಸಲು ಬಸವನಗುಡಿ, ಮಲ್ಲೇಶ್ವರ ಬಡಾವಣೆಗಳು ಎದ್ದವು. ಅಳತೆ ಮಾಡಿದ ನಿವೇಶನ, ನಂಬರು, ಪತ್ರ. ಆ ಬೀದಿಗಳನ್ನು ಗುಡಿಸಿದ, ಆ ಮನೆಗಳ ಮಲ ಹೊತ್ತ ಜನರಿಗೆ ಮುನಿಸಿಪಾಲಿಟಿ ಕೊಟ್ಟದ್ದು ಲೈನ್ ಮನೆ. ಕೆಲಸ ಇರುವ ತನಕ ಮನೆ. ಅಪ್ಪ ಸತ್ತರೆ ಅಲ್ಲಿ ಖಾತೆ ಬದಲಾಗುವುದಿಲ್ಲ, ಪೊರಕೆ ಹಿಡಿಯುವ ಕೈ ಬದಲಾಗುತ್ತದೆ. ಮನೆ ಉಳಿಸಿಕೊಳ್ಳಲು ಓದುವ ಮಗನೂ ಪೊರಕೆ ಹಿಡಿಯಬೇಕು. ದೇವರಾಜ ಅರಸು ಮಂತ್ರಿಮಂಡಲದಲ್ಲಿದ್ದ ಬಿ. ಬಸವಲಿಂಗಪ್ಪನವರು ತಲೆಯ ಮೇಲೆ ಮಲ ಹೊರುವುದನ್ನು ನಿಲ್ಲಿಸಲು ಆಜ್ಞೆ ಮಾಡಿದರು. ತಲೆಯ ಮೇಲಿನ ಬುಟ್ಟಿಗೆ ಆಜ್ಞೆ ತಟ್ಟಿತು, ತಲೆಯ ಮೇಲಿನ ಸೂರಿಗೆ ತಟ್ಟಲಿಲ್ಲ. ಕೋಲಾರದ ಚಿನ್ನದ ಗಣಿಯ ಲೈನುಗಳದೂ ಇದೇ ಹಾಡು. ತಮಿಳು ಸೀಮೆಯಿಂದ ಬಂದ ದಲಿತ ಕೂಲಿಗಳು ತಲೆಮಾರುಗಟ್ಟಲೆ ಕಂಪನಿಯ ಮನೆಗಳಲ್ಲಿ ಬದುಕಿದರು. 2001ರಲ್ಲಿ ಗಣಿ ಮುಚ್ಚಿತು, ಮನೆ ಯಾರದು ಎಂಬ ಪ್ರಶ್ನೆ ತೆರೆಯಿತು.

ಕಾನೂನುಗಳೇ ಬರಲಿಲ್ಲ ಎಂದು ನಾವು ಹೇಳುವುದಿಲ್ಲ. ಹಳ್ಳಿ ಹುದ್ದೆಗಳ ರದ್ದತಿ ಕಾಯ್ದೆ 1961ರಲ್ಲಿ ಆಯಿತು, 1963ರಲ್ಲಿ ಜಾರಿಗೆ ಬಂತು. ಶಾನುಭೋಗಿಕೆ ಹೋಯಿತು, ತೋಟಿ ತಳವಾರಿಕೆಯೂ ಹೋಯಿತು. 1973ರಲ್ಲಿ ಕೊಳಚೆ ಪ್ರದೇಶಗಳ ಕಾಯ್ದೆ ಬಂತು. 1974ರ ಭೂಸುಧಾರಣೆ ತಿದ್ದುಪಡಿಯಲ್ಲಿ ಎಲ್ಲರೂ 'ಉಳುವವನೇ ಒಡೆಯ' ಎಂಬುದನ್ನು ನೆನೆಯುತ್ತಾರೆ. ಅದರಲ್ಲೇ 38ನೇ ಕಲಮು ಇತ್ತು: ಬೇರೆಯವರ ಜಮೀನಿನಲ್ಲಿ ಮನೆ ಕಟ್ಟಿಕೊಂಡಿರುವ ಕೃಷಿ ಕೂಲಿಗೆ ಆ ಮನೆಯೂ ಅದರ ನೆಲವೂ ಸೇರಬೇಕು. ಗುಡಿಸಲಿನ ಕೆಳಗಿನ ಮಣ್ಣಿನ ಬಗ್ಗೆ ಇಷ್ಟು ನೇರವಾಗಿ ಮಾತಾಡಿದ ಕಲಮು ಮತ್ತೊಂದು ಕಡಿಮೆ. ಆದರೆ ಅರ್ಜಿ ಕೊಡಬೇಕಾದದ್ದು ಯಾರ ಮೇಲೆ? ನಾಳೆ ಬೆಳಿಗ್ಗೆ ಯಾರ ಹೊಲಕ್ಕೆ ಕೂಲಿಗೆ ಹೋಗಬೇಕೋ ಅವನ ಮೇಲೆ. ಧೈರ್ಯ ಇದ್ದ ಕಡೆ, ಸಂಘಟನೆ ಇದ್ದ ಕಡೆ ಕೊಟ್ಟರು. ಉಳಿದ ಕಡೆ ಕಲಮು ಪುಸ್ತಕದಲ್ಲೇ ಉಳಿಯಿತು.

ಕೂಲಿ ಹುಡುಕಿ ನಗರಕ್ಕೆ ಬಂದವರು ಅರ್ಧ ಕುಂಟೆ ಜಾಗ ಕೊಂಡರು. ಕೃಷಿ ಜಮೀನನ್ನು ಪರಿವರ್ತನೆ ಮಾಡಿಸದೆ ತುಂಡು ಮಾಡಿ ಮಾರಿದವನು ದುಡ್ಡು ಎಣಿಸಿಕೊಂಡು ಹೋದ. ಕೊಂಡವನಿಗೆ ಸಿಕ್ಕಿದ್ದು ಬಿ ಖಾತೆ. ಬೆಂಗಳೂರಿನಲ್ಲಿ ಹುಟ್ಟಿದ ಈ ಎರಡನೇ ಪುಸ್ತಕ 2025ರ ತಿದ್ದುಪಡಿಯ ಮೂಲಕ ಉಳಿದ ಪಟ್ಟಣಗಳಿಗೂ ಹೋಗಿದೆ. ತೆರಿಗೆ ತೆಗೆದುಕೊಳ್ಳುತ್ತಾರೆ, ಆದರೆ ಇದು ಸಕ್ರಮವಲ್ಲ ಎಂದು ರಸೀತಿಯ ಜೊತೆಗೇ ಹೇಳುತ್ತಾರೆ. ಹೋಟೆಲಿನಲ್ಲಿ ನಮಗೆ ಬೇರೆ ಲೋಟ ಇಟ್ಟದ್ದು ನೆನಪಾಗದೆ ಇರುತ್ತದೆಯೇ! 2024ರ ಅಕ್ಟೋಬರಿನಿಂದ ಬೆಂಗಳೂರಿನಲ್ಲಿ ಇ-ಖಾತೆ ಇಲ್ಲದೆ ಕ್ರಯ ನೋಂದಣಿ ಇಲ್ಲ. ಕಂಪ್ಯೂಟರು ಕಡತದಂತೆ ಒರೆಸಲು ಬಿಡುವುದಿಲ್ಲ, ಒಳ್ಳೆಯದೇ. ಆದರೆ ತಪ್ಪು ಹೆಸರನ್ನೂ ಅದು ಅಷ್ಟೇ ಗಟ್ಟಿಯಾಗಿ ಹಿಡಿದುಕೊಳ್ಳುತ್ತದೆ.

ಪೌತಿ ಖಾತೆಯ ಬಗ್ಗೆ ಎರಡು ಮಾತು ಬಿಡಿಸಿ ಹೇಳಬೇಕು. ಯಾಕೆಂದರೆ ಮನೆಗಳು ಕೈತಪ್ಪುವುದು ಹೆಚ್ಚಾಗಿ ಇಲ್ಲೇ. ಅಪ್ಪ ಸತ್ತ ಮೇಲೆ ಮರಣ ಪತ್ರ, ನಾಡಕಚೇರಿಯಿಂದ ವಂಶವೃಕ್ಷ, ಹಳೆಯ ಖಾತೆಯ ನಕಲು, ತೆರಿಗೆ ರಸೀತಿ, ವಾರಸುದಾರರೆಲ್ಲರ ಒಪ್ಪಿಗೆ ಬೇಕು. ಜನನ ಮರಣ ನೋಂದಣಿ ಕಾಯ್ದೆ 1969ರಲ್ಲಿ ಬಂದರೂ ನಮ್ಮ ಕೇರಿಯ ಸಾವುಗಳನ್ನು ಬರೆಸಿದವರು ಕಡಿಮೆ. ವರ್ಷ ದಾಟಿದ ಸಾವನ್ನು ಬರೆಸಲು ಮೊದಲ ದರ್ಜೆಯ ಮ್ಯಾಜಿಸ್ಟ್ರೇಟರ ಆದೇಶ ಬೇಕಿತ್ತು. 2023ರ ತಿದ್ದುಪಡಿಯ ನಂತರ ಅದು ಜಿಲ್ಲಾ ಅಥವಾ ಉಪವಿಭಾಗದ ಮ್ಯಾಜಿಸ್ಟ್ರೇಟರ ಕೆಲಸ. ಆ ಖರ್ಚಿಗೆ, ಆ ಓಡಾಟಕ್ಕೆ ಹೆದರಿ ಅಣ್ಣತಮ್ಮಂದಿರು ಅಜ್ಜನ ಹೆಸರಿನಲ್ಲೇ ಕಂದಾಯ ಕಟ್ಟುತ್ತ ಕೂರುತ್ತಾರೆ. ಇನ್ನು ಕೆಲವರು 'ಹೆಣ್ಮಕ್ಕಳ ಸಹಿ ಯಾಕೆ' ಎಂದು ವಂಶವೃಕ್ಷದಿಂದಲೇ ಅಕ್ಕತಂಗಿಯರನ್ನು ಬಿಡುತ್ತಾರೆ. ಶಾನುಭೋಗ ನಮಗೆ ಮಾಡಿದ್ದನ್ನೇ ನಾವು ನಮ್ಮ ಹೆಣ್ಣುಮಕ್ಕಳಿಗೆ ಮಾಡುವ ಕೆಲಸ ಇದು. ತಂದೆಯ ಸ್ವಯಾರ್ಜಿತ ಆಸ್ತಿ ಮಗಳಿಗೂ ಸಮಪಾಲು ಎಂದು 1956ರ ಹಿಂದೂ ಉತ್ತರಾಧಿಕಾರ ಕಾಯ್ದೆಯೇ ಹೇಳಿದೆ. ಪಿತ್ರಾರ್ಜಿತದಲ್ಲೂ ಪಾಲು ಎಂದು ಕರ್ನಾಟಕ 1994ರಲ್ಲಿ, ಇಡೀ ದೇಶ 2005ರಲ್ಲಿ ಒಪ್ಪಿತು.

ದಾಖಲೆಯೇ ಇಲ್ಲದ ತಾಂಡಾ, ಹಟ್ಟಿ, ಹಾಡಿ, ಕಾಲೋನಿಗಳಿಗೆ 2017ರಲ್ಲಿ ಜಾರಿಗೆ ಬಂದ ಭೂಸುಧಾರಣೆ ತಿದ್ದುಪಡಿ 38ಎ ಎಂಬ ಹೊಸ ಕಲಮು ಕೊಟ್ಟಿತು. 2023ರ ಜನವರಿಯಲ್ಲಿ ಮಳಖೇಡದ ಸಭೆಯಲ್ಲಿ ಐವತ್ತು ಸಾವಿರದಷ್ಟು ಕುಟುಂಬಗಳಿಗೆ ಹಕ್ಕುಪತ್ರ ಎಂದು ಸಾರಿದರು. ಸರ್ಕಾರಿ ಜಾಗದ ಮನೆಗಳಿಗೆ 94ಸಿ, 94ಸಿಸಿ ಇವೆ. ಗ್ರಾಮಠಾಣದ ಮೇಲೆ 2020ರಿಂದ ಡ್ರೋನ್ ಹಾರಿಸಿ ಅಳೆಯುತ್ತಿದ್ದಾರೆ. ಹಕ್ಕುಪತ್ರ ಕೈಗೆ ಬಂದವರು ಅದನ್ನು ಫ್ರೇಮು ಹಾಕಿಸಿ ಬುದ್ಧ, ಅಂಬೇಡ್ಕರ್ ಪಟದ ಪಕ್ಕ ತೂಗುಹಾಕಿದ್ದನ್ನು ನಾವು ನೋಡಿದ್ದೇವೆ. ಆದರೆ ಪಂಚಾಯ್ತಿಯಲ್ಲಿ ಅದರ ಮೇಲೆ ನಮೂನೆ 9, 11 ಆಗಿದೆಯೇ ಎಂದು ಕೇಳಿದರೆ 'ಅದೇನು' ಅನ್ನುತ್ತಾರೆ.

ಹಳ್ಳಿಯ ಮೇಷ್ಟರುಗಳೂ ಓದುವ ಹುಡುಗರೂ ಈ ರಜೆಯಲ್ಲಿ ತಂತಮ್ಮ ಕೇರಿಯಲ್ಲಿ ಒಂದು ನೋಟ್‌ಬುಕ್ ಹಿಡಿದು ಕೂರಬಹುದು. ಪ್ರತಿ ಮನೆಗೂ ನಾಲ್ಕು ಸಾಲು ಸಾಕು: ಖಾತೆ ಯಾರ ಹೆಸರಿನಲ್ಲಿದೆ, ಅವರು ಬದುಕಿದ್ದಾರೋ ಇಲ್ಲವೋ, ಸಾವು ದಾಖಲಾಗಿದೆಯೋ ಇಲ್ಲವೋ, ಪುಸ್ತಕದಲ್ಲಿ ಆ ಹೆಸರನ್ನು ಹೇಗೆ ಬರೆದಿದ್ದಾರೆ. ಕೆಂಪ ಎಂದೋ, ಕೆಂಪಯ್ಯ ಎಂದೋ.