ನೆಲದಡಿಯ ಓಣಿ

ಸ್ಕಾಟ್ಲೆಂಡಿನ ಎಡಿನ್‌ಬರೋ ನಗರದಲ್ಲಿ ಮೇರಿ ಕಿಂಗ್ಸ್ ಕ್ಲೋಸ್ ಎಂಬುದೊಂದು ಇಕ್ಕಟ್ಟಾದ ಓಣಿ. 1645ರ ಪ್ಲೇಗಿನಲ್ಲಿ ರೋಗಿಗಳನ್ನು ಒಳಗಿರಿಸಿ ಓಣಿಯ ತುದಿಗಳಿಗೆ ಗೋಡೆಯೆಬ್ಬಿಸಿದರೆಂದೂ, ಅವರ ಪ್ರೇತಗಳು ಇಂದಿಗೂ ಅಲ್ಲಿ ಅಲೆಯುತ್ತಿರುವುವೆಂದೂ ಪ್ರತೀತಿಯುಂಟು. 1685ರಲ್ಲಿ ಜಾರ್ಜ್ ಸಿಂಕ್ಲೇರನು ಅಚ್ಚುಮಾಡಿಸಿದ ಗ್ರಂಥದಲ್ಲಿ, ಅಲ್ಲಿ ಬಿಡಾರಮಾಡಿದ ದಂಪತಿಗಳಿಗೆ ಮುಂಡವಿಲ್ಲದ ತಲೆಯೂ ಬರಿಯ ತೋಳೂ ಗಾಳಿಯಲ್ಲಿ ತೇಲುತ್ತ ಕಾಣಿಸಿದುವೆಂದಿದೆ. ತೋಳು ವಂದನೆಗೆಂಬಂತೆ ಕೈ ಚಾಚಿತಂತೆ! ಪ್ರೇತದ ಈ ಮರ್ಯಾದೆಯನ್ನು ನಾವು ಮೆಚ್ಚಲೇಬೇಕು.

ಗೋಡೆಯ ಮಾತು ಮಾತ್ರ ಸುಳ್ಳು. 1753ರಲ್ಲಿ ರಾಯಲ್ ಎಕ್ಸ್‌ಚೇಂಜ್ ಸೌಧವನ್ನು ಕಟ್ಟತೊಡಗಿದಾಗ ಮನೆಗಳ ಮೇಲಂತಸ್ತುಗಳನ್ನು ಕೆಡವಿ, ಉಳಿದುದನ್ನೇ ಅಡಿಪಾಯಮಾಡಿದರು. ಓಣಿ ನೆಲದಡಿ ಸೇರಿತು. ಕತ್ತಲೆಗೆ ಕಥೆ ಹುಟ್ಟಿತು. ಪ್ಲೇಗಿನ ಕಾಲದಲ್ಲಾದರೋ, ನಗರಸಭೆಯು ಮನೆಗಳಲ್ಲಿದ್ದ ರೋಗಿಗಳಿಗೆ ಆಹಾರ ಒದಗಿಸಿತು. ಹಲವರನ್ನು ಊರಾಚೆಯ ಬಯಲಿನ ಗುಡಿಸಲುಗಳಿಗೆ ಸಾಗಿಸಿತು. 1898ರ ಪ್ಲೇಗಿನಲ್ಲಿ ಬೆಂಗಳೂರಿನ ನಮ್ಮ ಹಿರಿಯರು ಊರು ಬಿಟ್ಟು ಶೆಡ್ಡುಗಳಲ್ಲಿ ಕಳೆದ ದಿನಗಳ ಮಾತು ಕೇಳಿದ ಶ್ರೋತೃಗಳಿಗೆ ಇದು ಅಪರಿಚಿತವೆನಿಸದು. ನಗರಸಭೆ ನೇಮಿಸಿದ ಮೊದಲ ವೈದ್ಯನು ಅದೇ ರೋಗಕ್ಕೆ ಬಲಿಯಾದನು. ಅನಂತರ ಬಂದ ಜಾರ್ಜ್ ರೇ ಚರ್ಮದ ನಿಲುವಂಗಿ ತೊಟ್ಟು ಮನೆಮನೆಗೂ ಹೋದನು. ಸಾಯುವವನಿಗೆ ಎಷ್ಟು ಕೊಟ್ಟರೇನೆಂದೋ ಏನೋ, ಆತನಿಗೆ ದೊಡ್ಡ ಸಂಬಳವೇ ಗೊತ್ತಾಗಿದ್ದಿತು. ಆದರೆ ಆತನು ಬದುಕಿಬಿಟ್ಟನು. ಬಾಕಿಗಾಗಿ ವರುಷಗಟ್ಟಲೆ ನಗರಸಭೆಯ ಬಾಗಿಲಿಗೆ ಅಲೆದನು.